ಬ್ರೌಸರಿನ ಉಪಾಂಗಗಳು: ಅನುಕೂಲವೂ ಅಪಾಯವೂ

೨೦೨೧ರ ಜನವರಿಯ ಕೊನೆಯಲ್ಲಿ ಮಣಿಪಾಲದ ನನ್ನ ತರಗತಿಯಲ್ಲಿ ಲೋಲಕದ ಪ್ರಯೋಗವೊಂದನ್ನು ಗಣಕಯಂತ್ರದ ಪರದೆಯ ಮೇಲೆ ತೋರಿಸಲು ಹೊರಟೆನು. ಹಿಂದೆ ಸೊಗಸಾಗಿ ತೂಗಾಡುತ್ತಿದ್ದ ಲೋಲಕವು ಅಂದು ಕಾಣಿಸಲೇ ಇಲ್ಲ. “ಸರ್, ಹಳೆಯ ಬ್ರೌಸರನ್ನೂ ಫ್ಲಾಷನ್ನೂ ಎಲ್ಲಿಂದಲಾದರೂ ಇಳಿಸಿಕೊಂಡರೆ ಸರಿಹೋಗುತ್ತದೆ” ಎಂದು ಒಬ್ಬ ವಿದ್ಯಾರ್ಥಿ ಸೂಚಿಸಿದನು. ಉಪಾಯ ಸುಲಭವಾಗಿತ್ತು, ಆದರೂ ನಾನು ಒಪ್ಪಲಿಲ್ಲ. ಅದೇಕೆಂದು ವಿವರಿಸುವಷ್ಟರಲ್ಲಿ ಗಂಟೆ ಬಾರಿಸಿತು. ಅಂದು ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಂತರಜಾಲದ ಪುಟವನ್ನು ತಂದು ತೋರಿಸುವುದು ಬ್ರೌಸರಿನ ಕೆಲಸ. ಮೊದಮೊದಲು ಚಲಿಸುವ ಚಿತ್ರ, ಆಟ ಮುಂತಾದವುಗಳನ್ನು ತೋರಿಸುವ ಶಕ್ತಿ ಅದಕ್ಕಿರಲಿಲ್ಲ. ಆದುದರಿಂದ ಆ ಭಾಗವನ್ನು ಪ್ಲಗ್-ಇನ್ ಎಂಬ ಬೇರೊಂದು ಕ್ರಮವಿಧಿಗೆ ಒಪ್ಪಿಸುತ್ತಿತ್ತು. ಫ್ಲಾಷ್, ಜಾವಾಗಳು ಇಂಥವು. ಇವು ಬಹುಕಾಲ ಬ್ರೌಸರಿನ ಕಟ್ಟುಪಾಡಿನ ಹೊರಗೆ, ಗಣಕದ ಒಡೆಯನಿಗಿರುವ ಅಧಿಕಾರದಿಂದಲೇ ಕೆಲಸಮಾಡುತ್ತಿದ್ದುವು.

ಇದರಲ್ಲಿ ಅಪಾಯವೇನು? ಕ್ರಮವಿಧಿಯು ತನಗೆ ಬರುವ ಮಾಹಿತಿಗಾಗಿ ಗಣಕದ ಸ್ಮೃತಿಯಲ್ಲಿ ಇಂತಿಷ್ಟೆಂದು ಸ್ಥಳವನ್ನು ಕಾದಿರಿಸುತ್ತದೆ. ಒಂದು ಸೇರಿನ ಪಾತ್ರೆಗೆ ಎರಡು ಸೇರು ಎಣ್ಣೆ ಸುರಿದರೆ ಅದು ಪಕ್ಕದ ಪಾತ್ರೆಗೂ ಹರಿಯುವುದಷ್ಟೆ? ಹಾಗೆಯೇ ಅಳತೆ ನೋಡದೆ ಮಾಹಿತಿಯನ್ನು ತುಂಬಿದರೆ ಅದು ನೆರೆಯ ಸ್ಥಳವನ್ನು ಆಕ್ರಮಿಸುತ್ತದೆ. ವಂಚಕನು ಈ ದೋಷವನ್ನು ಅರಿತು ತನ್ನ ಕಡತವನ್ನು ಹೊಂದಿಸಿದರೆ, ಗಣಕವು ಅವನ ಮಾಹಿತಿಯನ್ನೇ ಆಜ್ಞೆಯೆಂದು ಭ್ರಮಿಸಿ ಪಾಲಿಸಬಹುದು. ಪುಟವನ್ನು ತೆರೆದುದೊಂದೇ ಬಳಕೆದಾರನ ತಪ್ಪು! ೨೦೧೩ರ ಜನವರಿಯಲ್ಲಿ ಜಾವಾದಲ್ಲಿ ಗಂಭೀರ ದೋಷವೊಂದು ಬಯಲಾದಾಗ, ಬ್ರೌಸರಿನಲ್ಲಿ ಅದನ್ನು ನಿಲ್ಲಿಸಿರೆಂದು ಅಮೆರಿಕದ ಸರಕಾರವೇ ಜನರಿಗೆ ಸಲಹೆಯಿತ್ತಿತು. ೨೦೧೫ರಲ್ಲಿ ಕ್ರೋಮ್ ಬ್ರೌಸರು ಹಳೆಯ ಬಗೆಯ ಪ್ಲಗ್-ಇನ್‌ಗಳನ್ನು ಕೈಬಿಟ್ಟಿತು. ಫ್ಲಾಷಿನ ದುರಸ್ತಿಯು ೨೦೨೦ರ ಡಿಸೆಂಬರ್ ೩೧ಕ್ಕೆ ಮುಗಿಯಿತು. ದುರಸ್ತಿಯಿಲ್ಲದ ಕ್ರಮವಿಧಿಯನ್ನು ಅಪರಿಚಿತ ತಾಣದಿಂದ ತಂದು ಹಾಕುವುದೆಂದರೆ ಚಿಲಕವಿಲ್ಲದ ಬಾಗಿಲನ್ನು ಹಣಕೊಟ್ಟು ತಂದಂತೆ.

ಈಗ ಬ್ರೌಸರಿನ ಉಪಾಂಗಗಳೆಂದರೆ ಬಹುಮಟ್ಟಿಗೆ ಎಕ್ಸ್‌ಟೆನ್ಷನ್‌ಗಳೇ. ಜಾಹೀರಾತು ತಡೆಯಲು ಒಂದು, ವ್ಯಾಕರಣ ತಿದ್ದಲು ಇನ್ನೊಂದು. ಇಲ್ಲಿಯ ಅಪಾಯ ಬೇರೆ ತೆರನಾದುದು. ೧೯೨೮ರಲ್ಲಿ ನಮ್ಮ ಉಡುಪಿಯಲ್ಲಿ ಆರಂಭವಾದ ಪಿಗ್ಮಿ ಠೇವಣಿಯನ್ನು ನೆನೆಯಿರಿ. ಸಂಗ್ರಾಹಕನು ದಿನವೂ ಮನೆಬಾಗಿಲಿಗೆ ಬರುತ್ತಾನೆ. ನಂಬಿಕೆಯಿಂದ ಹಣ ಕೊಡುತ್ತೇವೆ. ಒಂದು ದಿನ ಅವನ ಚೀಲವೂ ಪುಸ್ತಕವೂ ಕಳ್ಳನ ಕೈಸೇರಿದರೆ? ೨೦೨೪ರ ಡಿಸೆಂಬರಿನಲ್ಲಿ ನಡೆದುದು ಇದೇ. ಸೈಬರ್‌ಹೇವನ್ ಎಂಬ ಭದ್ರತಾ ಸಂಸ್ಥೆಯ ನೌಕರನೊಬ್ಬನನ್ನು ಸುಳ್ಳು ಮಿಂಚಂಚೆಯಿಂದ ವಂಚಿಸಿ, ಆ ಸಂಸ್ಥೆಯ ಎಕ್ಸ್‌ಟೆನ್ಷನ್ನಿನ ಹೆಸರಿನಲ್ಲೇ ದುಷ್ಟ ಆವೃತ್ತಿಯನ್ನು ಪ್ರಕಟಿಸಲಾಯಿತು. ಅದು ತಾನೇತಾನಾಗಿ ಬಳಕೆದಾರರ ಗಣಕಗಳನ್ನು ಸೇರಿತು.

ವಿಳಾಸದ ಬಳಿಯ ಬೀಗದ ಗುರುತು ಇಲ್ಲಿ ರಕ್ಷಿಸದೆ? ರಕ್ಷಿಸದು. ಗೂಢಲಿಪಿಯು ದಾರಿಯುದ್ದಕ್ಕೂ ಮಾಹಿತಿಯನ್ನು ಕಾಯುತ್ತದೆ. ಎಕ್ಸ್‌ಟೆನ್ಷನ್ ಕುಳಿತಿರುವುದು ದಾರಿಯ ಕೊನೆಯಲ್ಲಿ, ಲಿಪಿಯು ಬಿಡಿಸಲ್ಪಟ್ಟ ಮೇಲೆ. ಪುಟಗಳನ್ನು ಓದುವ ಅನುಮತಿ ಪಡೆದುದಕ್ಕೆ ನೀವು ಬರೆಯುವ ಗುಪ್ತಪದವೂ ಕಾಣಬಹುದು. ಕುಕಿ ಎಂಬ ಪ್ರವೇಶಚೀಟಿಯನ್ನು ಕದ್ದವನಿಗಂತೂ ಗುಪ್ತಪದವೇ ಬೇಡ.

ಹಾಗಾದರೆ ರಕ್ಷಣೆಯ ದಾರಿ ಯಾವುದು? ಬ್ರೌಸರಿನ ಹೊಸ ಆವೃತ್ತಿಯನ್ನು ತಪ್ಪದೆ ಹಾಕಿಕೊಳ್ಳಬೇಕು. ಬಳಸದ ಎಕ್ಸ್‌ಟೆನ್ಷನ್‌ಗಳನ್ನು ಇಂದೇ ತೆಗೆದುಹಾಕಬೇಕು. ನಂಬಬೇಕಾದವರ ಸಂಖ್ಯೆ ಕಡಮೆಯಾದಷ್ಟೂ ಕ್ಷೇಮ. ಉಳಿದವುಗಳಿಗೆ ಎಲ್ಲ ತಾಣಗಳ ಬದಲು ಅಗತ್ಯವಾದ ತಾಣದ ಅನುಮತಿಯನ್ನಷ್ಟೇ ಕೊಡಬೇಕು. ಬ್ಯಾಂಕಿನ ವ್ಯವಹಾರಕ್ಕೆ ಯಾವ ಎಕ್ಸ್‌ಟೆನ್ಷನ್ನೂ ಇಲ್ಲದ ಬೇರೆ ಪ್ರೊಫೈಲನ್ನು ಇಟ್ಟುಕೊಳ್ಳುವುದು ಲೇಸು. ಸಂಶಯ ಬಂದರೆ ಎಕ್ಸ್‌ಟೆನ್ಷನ್ ತೆಗೆದು, ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಆಗಿ, ಆಮೇಲೆ ಗುಪ್ತಪದವನ್ನು ಬದಲಿಸಬೇಕು. ಹಣವೇ ಹೋದರೆ ೧೯೩೦ ಸಂಖ್ಯೆಗೆ ಕೂಡಲೇ ಕರೆಮಾಡಬೇಕು.

ಇನ್ನು ನನ್ನ ಲೋಲಕದ ಗತಿ? ಹಳೆಯ ಫ್ಲಾಷ್ ಚಿತ್ರಗಳನ್ನು ಬ್ರೌಸರಿನ ಕಟ್ಟುಪಾಡಿನೊಳಗೇ ನಡೆಸುವ ರಫಲ್ ಎಂಬ ಸಾಧನವು ಈಗ ಉಂಟು. ಆದರೆ ಅಂದು ನಾನು ಮಾಡಿದುದು ಇಷ್ಟೇ: ದಾರಕ್ಕೆ ಕಲ್ಲೊಂದನ್ನು ಕಟ್ಟಿ, ಗಡಿಯಾರ ಹಿಡಿದು ಇಪ್ಪತ್ತು ಆಂದೋಲನಗಳನ್ನು ಎಣಿಸಿದೆವು.