ಆಪರೇಷನ್ ಆದ ಮೇಲೂ ಎಚ್ಚರ ಇರಲಿ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರ ಗರ್ಭಕೋಶ ಕೆಳಗೆ ಜಾರಿತ್ತು. ಆಪರೇಷನ್ ಮಾಡಿ ಗರ್ಭಕೋಶ ತೆಗೆದಿದ್ದರು. ಎರಡು ವರ್ಷ ಕಳೆಯಿತು. ಒಂದು ದಿನ ಪಾಠ ಮುಗಿದರೂ ಅವರು ಎದ್ದು ಹೋಗಲಿಲ್ಲ.

"ಟೀಚರಮ್ಮ, ಮತ್ತೆ ಕೆಳಗೆ ಏನೋ ಇಳಿದ ಹಾಗಿದೆ. ಹೇಳೋಕೆ ನಾಚಿಕೆ" ಅಂದರು.

ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದೆವು.

"ಗರ್ಭಕೋಶವೇ ಇಲ್ಲವಲ್ಲ ಡಾಕ್ಟರಮ್ಮ. ಈಗ ಏನು ಜಾರುತ್ತೆ?" ಅಂತ ಅಕ್ಕ ಕೇಳಿದರು.

ಡಾಕ್ಟರಮ್ಮ ಹೇಳಿದರು: "ನೆಲುವು ನೋಡಿದ್ದೀರಲ್ಲ? ಹಗ್ಗ ಸಡಿಲ ಆದರೆ ಗಡಿಗೆ ಇಳಿಯುತ್ತೆ. ನಾವು ಹೊಸ ಗಂಟು ಹಾಕುತ್ತೇವೆ. ಆದರೆ ಹಗ್ಗ ಹಳೆಯದೇ. ಹೊಟ್ಟೆಯ ಕೆಳಗಿನ ಮಾಂಸಖಂಡವೂ ಹಾಗೇ. ಗರ್ಭಕೋಶ ತೆಗೆದರೂ ಮೂತ್ರಚೀಲ, ಕರುಳು ಜಾರಬಹುದು. ಎಲ್ಲರಿಗೂ ಹೀಗೆ ಆಗೊಲ್ಲ. ಕೆಲವರಿಗೆ ಆಗುತ್ತೆ. ಇದು ನಿಮ್ಮ ತಪ್ಪಲ್ಲ."

ಯಾರಿಗೆ ಮತ್ತೆ ಜಾರುವ ಸಂಭವ ಹೆಚ್ಚು?

1. ಮೊದಲೇ ತುಂಬಾ ಜಾರಿ ಹೊರಗೆ ಬಂದಿದ್ದವರಿಗೆ.
2. ಚಿಕ್ಕ ವಯಸ್ಸಿನಲ್ಲೇ ಆಪರೇಷನ್ ಆದವರಿಗೆ.
3. ಹೆರಿಗೆಯಲ್ಲಿ ಒಳಗಿನ ಮಾಂಸಖಂಡ ಹರಿದವರಿಗೆ.
4. ತಾಯಿಗೆ, ಅಕ್ಕತಂಗಿಯರಿಗೆ ಇದೇ ತೊಂದರೆ ಇದ್ದವರಿಗೆ.

ಇವು ನಮ್ಮ ಕೈಯಲ್ಲಿ ಇಲ್ಲ. ಆದರೆ ಹೊಟ್ಟೆಯ ಒತ್ತಡ ಕಡಿಮೆ ಮಾಡುವುದು ನಮ್ಮ ಕೈಯಲ್ಲಿದೆ.

ಕೆಮ್ಮು ಬಿಡದಿದ್ದರೆ ಚಿಕಿತ್ಸೆ ಪಡೆಯಿರಿ. ಒಲೆಯ ಹೊಗೆ ಹೊರಗೆ ಹೋಗುವಂತೆ ಮಾಡಿ.

ಮಲಬದ್ಧತೆ ಆಗದಂತೆ ಸೊಪ್ಪು, ಕಾಳು, ಹಣ್ಣು ತಿನ್ನಿ. ನೀರು ಕುಡಿಯಿರಿ. ಮುಕ್ಕಬೇಡಿ.

ಮೈತೂಕ ಹೆಚ್ಚಾಗದಂತೆ ನೋಡಿಕೊಳ್ಳಿ.

ಆಪರೇಷನ್ ಆದ ಮೇಲೆ ಕನಿಷ್ಠ 6 ವಾರ ಭಾರ ಎತ್ತಬೇಡಿ. ತುಂಬಿದ ಕೊಡ, ಸೌದೆ ಹೊರೆ, ಮೂಟೆ ಯಾವುದೂ ಬೇಡ. ಆಮೇಲೆ ಏನು ಎತ್ತಬಹುದು ಅಂತ ಡಾಕ್ಟರನ್ನು ಕೇಳಿ.

ಇದನ್ನು ಕೇಳಿ ಅಕ್ಕ ತಲೆ ತಗ್ಗಿಸಿದರು. "ನಾನು 15 ದಿನಕ್ಕೇ ನೀರು ಹೊತ್ತೆ. ಮನೇಲಿ ಬೇರೆ ಯಾರು ಹೊರುತ್ತಾರೆ?"

"ಮುಂದಿನ ಸಲ ಮನೆಯವರನ್ನೂ ಕರೆದುಕೊಂಡು ಬನ್ನಿ. ನಾನೇ ಹೇಳುತ್ತೇನೆ" ಅಂದರು ಡಾಕ್ಟರಮ್ಮ.

ಅಕ್ಕನಿಗೆ ಮತ್ತೆ ಆಪರೇಷನ್ ಬೇಕಾಗಲಿಲ್ಲ. ಒಳಗೆ ಬಳೆಯಂಥ ಒಂದು ರಿಂಗ್ ಇಟ್ಟರು. ಒಂದು ವ್ಯಾಯಾಮವನ್ನೂ ಕಲಿಸಿದರು. ಮೂತ್ರ ತಡೆಹಿಡಿಯುವಾಗ ಬಿಗಿಯುವ ಹಾಗೆ ಒಳಗೆ ಬಿಗಿಯಿರಿ. 5 ಎಣಿಸಿ ಸಡಿಲ ಬಿಡಿ. ಹೀಗೆ 10 ಸಲ, ದಿನಕ್ಕೆ 3 ಹೊತ್ತು. ಮೂತ್ರ ಮಾಡುವಾಗ ಇದನ್ನು ಮಾಡಬಾರದು. ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು.

ಈಗ ಅಕ್ಕನ ಮನೆಯಲ್ಲಿ ಮಗ ನೀರು ತರುತ್ತಾನೆ. ಅಕ್ಕ ತಪ್ಪದೆ ಪಾಠಕ್ಕೆ ಬರುತ್ತಾರೆ.

ನೆನಪಿಡಿ: ಕೆಳಗೆ ಭಾರ ಅನ್ನಿಸಿದರೆ, ಗಡ್ಡೆ ಕೈಗೆ ಸಿಕ್ಕಿದರೆ, ರಕ್ತ ಹೋದರೆ, ಮೂತ್ರ ಕಟ್ಟಿದರೆ ಮುಚ್ಚಿಡಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ. ಬೇಗ ಆಸ್ಪತ್ರೆಗೆ ಹೋಗಿ.

ಉತ್ತರ ಬರೆಯಿರಿ

1. ಗರ್ಭಕೋಶ ತೆಗೆದ ಮೇಲೂ ಏನು ಜಾರಬಹುದು?
2. ಹೊಟ್ಟೆಯ ಒತ್ತಡ ಯಾವುದರಿಂದ ಹೆಚ್ಚುತ್ತದೆ?
3. ನಿಮ್ಮ ಮನೆಯಲ್ಲಿ ನೀರು ಹೊರುವವರು ಯಾರು?