ದಣಿವು ಕಳೆಯುವ ಗುಳಿಗೆಯೇ ರೋಗವಾದಾಗ

ಪ್ರಶ್ನೆ: ಮೆತಾಂಫೆಟಮಿನ್ ಹಿಂದೆ ಔಷಧದ ಅಂಗಡಿಯಲ್ಲೇ ಸಿಗುತ್ತಿತ್ತಂತೆ, ನಿಜವೇ? ಮಾದಕವಸ್ತು ಎಂದ ಮೇಲೆ ಅದು ಪೊಲೀಸರ ಕೆಲಸವಲ್ಲವೇ? ಸಾರ್ವಜನಿಕ ಆರೋಗ್ಯದ ಸಮಸ್ಯೆ ಎನ್ನುವುದೇಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಜ. 1893ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ನಾಗಾಯಿ ನಾಗಾಯೋಶಿ ಎಫೆಡ್ರಿನ್‌ನಿಂದ ಇದನ್ನು ತಯಾರಿಸಿದರು. 1941ರಲ್ಲಿ ‘ಹಿರೋಪಾನ್’ ಎಂಬ ಹೆಸರಿನಲ್ಲಿ ಅದು ಅಲ್ಲಿನ ಅಂಗಡಿಗಳಿಗೆ ಬಂತು. ಆ ಹೆಸರಿನ ಮೂಲ ಗ್ರೀಕ್. ದುಡಿಮೆಯನ್ನು ಪ್ರೀತಿಸುವವ ಎಂದು ಅರ್ಥ. ನಿದ್ದೆ ಬಾರದಿರಲೆಂದು ಸೈನಿಕರಿಗೂ ಕಾರ್ಖಾನೆಯ ಕೆಲಸಗಾರರಿಗೂ ಅದನ್ನು ಕೊಟ್ಟರು. ಎರಡನೇ ಮಹಾಯುದ್ಧ ಮುಗಿದಾಗ ಉಳಿದ ದಾಸ್ತಾನು ಊರೊಳಗೆ ಹರಿಯಿತು. ಹೊಟ್ಟೆಗಿಲ್ಲದ ಆ ದಿನಗಳಲ್ಲಿ ಹಸಿವು, ದಣಿವು ಎರಡನ್ನೂ ಮರೆಸುವ ಗುಳಿಗೆಯನ್ನು ಬೇಡವೆಂದವರು ಕಡಿಮೆ.

1951ರಲ್ಲಿ ಸರ್ಕಾರ ನಿಯಂತ್ರಣ ಕಾನೂನು ತಂದಿತು. 1954ರ ಒಂದೇ ವರ್ಷ 50 ಸಾವಿರಕ್ಕೂ ಹೆಚ್ಚು ಜನ ಸೆರೆಯಾದರು. ಹಾವಳಿ ತಗ್ಗಿತು. ಆದರೆ 1970ರ ದಶಕದಲ್ಲಿ ಯಾಕುಜಾ ಗ್ಯಾಂಗುಗಳ ಮೂಲಕ ಅದು ಮತ್ತೆ ತಲೆ ಎತ್ತಿತು. ಪೊಲೀಸರು ಸರಕನ್ನು ಹಿಡಿಯಬಲ್ಲರು, ಚಟವನ್ನಲ್ಲ.

ಚಟ ಕೂತಿರುವುದು ಮಿದುಳಿನಲ್ಲಿ. ಸುಖದ ಅನುಭವಕ್ಕೆ ಬೇಕಾದ ಡೋಪಮಿನ್ ಅನ್ನು ಮೆತಾಂಫೆಟಮಿನ್ (ಮೆತ್) ಒಮ್ಮೆಲೇ ಉಕ್ಕಿಸುತ್ತದೆ. ಕೊಕೇನ್‌ನ ಅರ್ಧಾಂಶ ರಕ್ತದಿಂದ ಕರಗಲು ಸುಮಾರು ಒಂದು ಗಂಟೆ ಸಾಕು. ಮೆತ್‌ಗೆ ಹತ್ತು ಗಂಟೆಯಾದರೂ ಬೇಕು. ಅಮಲು ಇಳಿದ ಮೇಲೆ ಊಟ, ಹಾಡು, ಮಕ್ಕಳ ಮಾತು ಯಾವುದೂ ರುಚಿಸುವುದಿಲ್ಲ. ಹೃದಯ ಸೋಲುತ್ತದೆ, ಹಲ್ಲು ಹುಳುಕಾಗುತ್ತದೆ. ಯಾರೋ ಬೆನ್ನಟ್ಟುತ್ತಿದ್ದಾರೆಂಬ ಭ್ರಮೆ ಹಿಡಿಯುತ್ತದೆ. ಸೂಜಿ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಸಿ ಇನ್ನೊಬ್ಬರ ಮೈಗೂ ದಾಟುತ್ತವೆ. ಒಬ್ಬರ ಚಟ ಊರಿನ ರೋಗವಾಗುವುದು ಹೀಗೆ.

ಹೆರಾಯಿನ್ ಚಟಕ್ಕೆ ಮೆಥಡೋನ್‌ನಂಥ ಔಷಧವಿದೆ. ಮೆತ್ ಚಟಕ್ಕೆಂದೇ ಸಾಬೀತಾದ ಅಂಥ ಮಾತ್ರೆ ಇಲ್ಲ. ಇದ್ದುದರಲ್ಲಿ ಚೆನ್ನಾಗಿ ಫಲ ಕೊಟ್ಟಿರುವುದು ಆಪ್ತಸಮಾಲೋಚನೆ ಮತ್ತು ಒಂದು ಸರಳ ಉಪಾಯ: ಮೂತ್ರಪರೀಕ್ಷೆಯಲ್ಲಿ ಮಾದಕದ ಅಂಶ ಕಾಣದಿದ್ದಾಗಲೆಲ್ಲ ಚಿಕ್ಕ ಬಹುಮಾನ. ಸುಖದ ದಾರಿಯನ್ನೇ ಮರೆತ ಮಿದುಳಿಗೆ ಮತ್ತೆ ಅಕ್ಷರಾಭ್ಯಾಸ ಮಾಡಿಸಿದ ಹಾಗೆ. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಲಾಕಪ್ಪಿನಲ್ಲಿ ಆಗುವ ಕೆಲಸವಲ್ಲ.

ಚಟಕ್ಕೆ ಚಿಕಿತ್ಸೆ ಬೇಕೆಂಬುದನ್ನು ನಮ್ಮ 1985ರ ಮಾದಕವಸ್ತು ಕಾಯ್ದೆಯೂ (ಎನ್‌ಡಿಪಿಎಸ್) ಒಪ್ಪಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಮಾದಕವಸ್ತುವಿನ ಆರೋಪವಿರುವ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ 64ಎ ಕಲಮು ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ನಡುವೆ ಬಿಡುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮನೆಯಲ್ಲೋ ಬೀದಿಯಲ್ಲೋ ಅಂಥವರಿದ್ದರೆ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14446.