ತಾರಸಿಯ ಹಳೆ ಶೀಟು ಯಾರ ಹೊಣೆ?

ಚೆನ್ನೈಯ ಪ್ಯಾರೀಸ್ ಕಾರ್ನರಿನ ಹಿಂದಿನ ಲಿಂಗಿ ಚೆಟ್ಟಿ ಬೀದಿ, ತಂಬು ಚೆಟ್ಟಿ ಬೀದಿಗಳಲ್ಲಿ ಹಳೆಯ ಮದ್ರಾಸ್ ತಾರಸಿಯ ಮೇಲೆ ಇನ್ನೊಂದು ಕೋಣೆ ಬೇಕಾದಾಗ ಜನ ನೆಚ್ಚಿಕೊಂಡಿದ್ದು ಸಿಮೆಂಟ್ ಶೀಟನ್ನು. ಅದು ಅಗ್ಗ, ಹಗುರ, ಕಡಲಿನ ಉಪ್ಪುಗಾಳಿಗೆ ತುಕ್ಕು ಹಿಡಿಯುವುದಿಲ್ಲ. ಹೆಸರು ಸಿಮೆಂಟಿನದಾದರೂ ಹಳೆಯ ಶೀಟಿನಲ್ಲಿ ಸಾಮಾನ್ಯವಾಗಿ ಹತ್ತನೇ ಒಂದು ಪಾಲು ಆಸ್ಬೆಸ್ಟಾಸ್, ಅಂದರೆ ಕಲ್ನಾರು, ಇರುತ್ತದೆ. ಅದರ ಎಳೆ ಶ್ವಾಸಕೋಶಕ್ಕೆ ಇಳಿದರೆ ಕ್ಯಾನ್ಸರ್ ಕಾಣಿಸಿಕೊಳ್ಳಲು ಇಪ್ಪತ್ತು, ನಲವತ್ತು ವರ್ಷವೂ ಹಿಡಿಯಬಹುದು.

ಒಡೆಯದ, ಪುಡಿ ಉದುರದ ಶೀಟನ್ನು ಗಾಬರಿಬಿದ್ದು ಕೀಳಿಸಬೇಡಿ. ಅಪಾಯ ಹೆಚ್ಚುವುದು ಅದನ್ನು ಒಡೆದಾಗ, ಗರಗಸ ಹಾಕಿದಾಗ, ಒಣಗಿದ್ದಾಗ ಗುಡಿಸಿದಾಗ.

ನಮ್ಮಲ್ಲಿ ಶೀಟು ಮಾರುವುದು ಇಂದಿಗೂ ಅಪರಾಧವಲ್ಲ. ಕಲ್ನಾರನ್ನು ಪೂರ್ತಿ ನಿಷೇಧಿಸಬೇಕೆಂಬ ಕಲ್ಯಾಣೇಶ್ವರಿ ಪ್ರಕರಣದ ಕೋರಿಕೆಯನ್ನು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಒಪ್ಪಲಿಲ್ಲ. ಕಳಚಿದ ಶೀಟಿನ ಮಾತು ಬೇರೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯಲ್ಲಿ ಎಸೆದ ಕಲ್ನಾರಿನ ಹೆಸರಿದೆ, ಆದರೆ ಅದು ಕಲ್ನಾರು ಸಾಮಗ್ರಿ ತಯಾರಿಕೆಯ ಶೀರ್ಷಿಕೆಯಡಿ ಕೂತಿದೆ. ಅದೇ ವರ್ಷದ ಕಟ್ಟಡ ತ್ಯಾಜ್ಯ ನಿಯಮದಲ್ಲೂ ಮನೆಯ ಕಲ್ನಾರಿಗೆ ಸ್ಪಷ್ಟ ದಾರಿ ಇರಲಿಲ್ಲ. ಕಾರ್ಖಾನೆಯ ಶೀಟಿಗೆ ದಾರಿ ಸ್ಪಷ್ಟ, ಮನೆಯ ಶೀಟು ಎರಡರ ನಡುವೆ ತ್ರಿಶಂಕು. ಬ್ರಿಟನ್ನಿನಲ್ಲಿ ಅಪಾಯ ಹೆಚ್ಚಿರುವ ಕಲ್ನಾರು ಕೆಲಸಕ್ಕೆ ಪರವಾನಗಿ ಬೇಕು. ಇಲ್ಲಿ ಮೇಸ್ತ್ರಿಯೇ ಎಲ್ಲ.

ಹಾಗಾಗಿ ಕೆಲಸಕ್ಕೆ ಮೊದಲೇ ಬರವಣಿಗೆಯಲ್ಲಿ ಕೇಳಿ. ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಪರಿಸರ ಎಂಜಿನಿಯರಿಗೆ ಪತ್ರ, ಪಾಲಿಕೆಯ ವಲಯ ಕಚೇರಿಗೆ ಅದರ ಪ್ರತಿ. ವಿಳಾಸ, ಶೀಟುಗಳ ಸಂಖ್ಯೆ, ಫೋಟೊ ಇರಲಿ. ಪ್ರಶ್ನೆ ಒಂದೇ: ಇದನ್ನು ಯಾವ ಅಧಿಕೃತ ಘಟಕಕ್ಕೆ, ಯಾರ ಗಾಡಿಯಲ್ಲಿ ಕಳಿಸಬೇಕು? ಚೆನ್ನೈಗೆ ಹತ್ತಿರದ ಅಪಾಯಕಾರಿ ತ್ಯಾಜ್ಯ ಘಟಕ ಗುಮ್ಮಿಡಿಪೂಂಡಿಯಲ್ಲಿದೆ. ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅದಕ್ಕೆ 30 ದಿನದೊಳಗೆ ಉತ್ತರಿಸಲೇಬೇಕು. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕಚೇರಿ ಬಿಟ್ಟು ಬರಬೇಡಿ, ನಾಳೆ ನಿಮ್ಮ ಕೈಹಿಡಿಯುವುದು ಅದೇ.

ಕೀಳುವ ದಿನ ಮೇಸ್ತ್ರಿಯ ಅವಸರಕ್ಕೆ ಬಗ್ಗಬೇಡಿ. ಕಲ್ನಾರು ತ್ಯಾಜ್ಯದ ವಿಲೇವಾರಿಗೆ ಭಾರತೀಯ ಮಾನಕ ಬ್ಯೂರೊ 1986ರಲ್ಲೇ ಐಎಸ್ 11768 ಎಂಬ ಮಾರ್ಗಸೂಚಿ ತಂದಿದೆ, ಒಪ್ಪಂದದ ಚೀಟಿಯಲ್ಲಿ ಅದರ ಹೆಸರು ಬರೆಸಿ. ಶೀಟಿಗೆ ಮೆಲ್ಲಗೆ ನೀರು ಹನಿಸುತ್ತಲೇ ಇರಬೇಕು. ಬೋಲ್ಟ್ ಬಿಚ್ಚಿ ಶೀಟನ್ನು ಇಡಿಯಾಗಿ ಹಗ್ಗದಲ್ಲಿ ಇಳಿಸಬೇಕು, ಮೇಲಿಂದ ಎಸೆಯಕೂಡದು. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಮೇಲೆ ‘ಕಲ್ನಾರು’ ಎಂದು ಬರೆಯಬೇಕು. ಬಟ್ಟೆಯ ಮಾಸ್ಕು ಈ ಎಳೆಯನ್ನು ತಡೆಯುವುದಿಲ್ಲ, ಸೂಕ್ಷ್ಮ ಕಣ ತಡೆಯುವ ಮುಖಗವಸೇ ಬೇಕು. ಮೀನ್‌ಬಾಡಿ ಎಂಬ ಮೂರು ಚಕ್ರದ ಸರಕು ಗಾಡಿಯವನಿಗೆ ನೂರಿನ್ನೂರು ಕೊಟ್ಟು ಕಳಿಸಿಬಿಡುವ ರೂಢಿ ಇದೆಯಲ್ಲ, ಆ ಚೂರುಗಳೆಲ್ಲ ಇನ್ನೊಬ್ಬರ ಕಾಲಡಿಗೆ ಬೀಳುತ್ತವೆ.

ಬಾಡಿಗೆದಾರರ ಪ್ರಶ್ನೆ ಬೇರೆ. 2019ರ ಫೆಬ್ರುವರಿಯಿಂದ ಜಾರಿಯಲ್ಲಿರುವ ತಮಿಳುನಾಡಿನ ಬಾಡಿಗೆ ಕಾಯ್ದೆಯ ಪ್ರಕಾರ, ನೀವೇ ಹಾಳುಮಾಡಿದ್ದಲ್ಲದಿದ್ದರೆ ಕಟ್ಟಡದ ರಚನೆಗೆ ಸಂಬಂಧಿಸಿದ ದುರಸ್ತಿ ಮಾಲೀಕರ ಹೊಣೆ. ಒಡೆದ ಚಾವಣಿಯ ಬಗ್ಗೆ ಫೋನಿನಲ್ಲಿ ಗೋಗರೆಯುವ ಬದಲು ನೋಂದಾಯಿತ ಅಂಚೆಯಲ್ಲಿ ಬರೆಯಿರಿ.

ಪಕ್ಕದವರು ಶೀಟು ಒಡೆದು ದೂಳೆಬ್ಬಿಸಿದರೆ ಮೊದಲು ಪಾಲಿಕೆಯ ಸಹಾಯವಾಣಿ 1913ಕ್ಕೆ ದೂರು, ಬಳಿಕ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಅದಕ್ಕೂ ಜಗ್ಗದಿದ್ದರೆ ಚೆನ್ನೈಯಲ್ಲೇ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠವಿದೆ. ಪರಿಸರ ವ್ಯಾಜ್ಯವನ್ನು ಅಲ್ಲಿಗೆ ಒಯ್ಯಲು ಕಾರಣ ಹುಟ್ಟಿದ ದಿನದಿಂದ ಆರು ತಿಂಗಳ ಗಡುವು. ಮಾಲಿನ್ಯ ಮಂಡಳಿಯ ಉತ್ತರಕ್ಕೆ ಕಾಯುತ್ತ ಆ ಗಡುವನ್ನು ಕಳೆದುಕೊಳ್ಳಬೇಡಿ.

ಕಲ್ನಾರು ಕಾರ್ಖಾನೆಗಳು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಮನೆಯವರಿಗೆ ಅಂಥ ಕಟ್ಟಳೆಯಿಲ್ಲ. ಆದರೂ ಶೀಟು ಇಳಿಸಿದ ದಿನಾಂಕ, ಇಳಿಸಿದವರ ಹೆಸರು, ಘಟಕದ ರಸೀದಿ ಮನೆಯ ಪತ್ರಗಳ ಜೊತೆ ಒಂದು ಲಕೋಟೆಯಲ್ಲಿರಲಿ, ಒಂದು ಪ್ರತಿ ಆ ಕೂಲಿಯಾಳುಗಳ ಕೈಯಲ್ಲೂ.